ಬಾಯಿ ಸುತ್ತ ಕೆಂಪು ಗುಳ್ಳೆ: ಹಚ್ಚಿದರೆ ಇಳಿಯುತ್ತೆ, ಬಿಟ್ಟರೆ ಏಳುತ್ತೆ

ಪ್ರಶ್ನೆ: ಡಾಕ್ಟ್ರೇ, ನನಗೆ 32 ವರ್ಷ. ನಾಲ್ಕು ತಿಂಗಳಿಂದ ಬಾಯಿ ಸುತ್ತ, ಮೂಗಿನ ಪಕ್ಕದಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ. ತುರಿಕೆಗಿಂತ ಉರಿ ಜಾಸ್ತಿ. ಮನೆಯಲ್ಲಿದ್ದ ಬೀಟಾಮೆಥಾಸೋನ್ ಕ್ರೀಮ್ ಹಚ್ಚಿದೆ, ಎರಡೇ ದಿನಕ್ಕೆ ಮಾಯವಾಯಿತು. ಬಿಟ್ಟ ಮೂರನೇ ದಿನ ಮೊದಲಿಗಿಂತ ಜಾಸ್ತಿ ಬಂತು. ಈಗ ದಿನಾ ಹಚ್ಚುತ್ತಿದ್ದೇನೆ. ಇದು ಮೊಡವೆನಾ?

ಉತ್ತರ (ಚರ್ಮವೈದ್ಯೆ): ಬೆಳಕಿಗೆ ಮುಖ ಮಾಡಿ ಕನ್ನಡಿಯಲ್ಲಿ ತುಟಿಯ ಅಂಚು ನೋಡಿ. ತುಟಿಗೆ ತಾಗಿದಂತೆ ತೆಳುವಾದ ಒಂದು ಪಟ್ಟಿಯಷ್ಟು ಚರ್ಮ ಚೆನ್ನಾಗಿದ್ದು, ಅದರಾಚೆಯಿಂದ ಗುಳ್ಳೆ ಶುರುವಾಗಿದೆಯಾ? ಕಪ್ಪು ತಲೆ, ಬಿಳಿ ತಲೆಯ ಮೊಡವೆ ಇದೆಯಾ?

ಪ್ರಶ್ನೆ: ಪಟ್ಟಿ ಇದೆ. ಇಷ್ಟು ದಿನ ಗಮನಿಸಿರಲೇ ಇಲ್ಲ. ಕಪ್ಪು ತಲೆ ಒಂದೂ ಇಲ್ಲ.

ಉತ್ತರ: ಹಾಗಿದ್ದರೆ ಪೆರಿಓರಲ್ ಡರ್ಮಟೈಟಿಸ್, ಅಂದರೆ ಬಾಯಿ ಸುತ್ತಲಿನ ಚರ್ಮದ ಉರಿಯೂತ, ಇರುವ ಸಾಧ್ಯತೆ ಜಾಸ್ತಿ. ಕಣ್ಣಾರೆ ನೋಡಿದ ವೈದ್ಯರೇ ಖಚಿತವಾಗಿ ಹೇಳಬೇಕು, ಖಂಡಿತ ತೋರಿಸಿ. ಇದು ಅಂಟುವ ರೋಗ ಅಲ್ಲ. ಮುಖ ಸರಿಯಾಗಿ ತೊಳೆಯದ್ದಕ್ಕೆ ಬಂದದ್ದೂ ಅಲ್ಲ.

ಈಗ ಕ್ರೀಮ್ ವಿಷಯ. ಬೀಟಾಮೆಥಾಸೋನ್ ಒಂದು ಸ್ಟೀರಾಯ್ಡ್. ಉರಿಯೂತವನ್ನು ತಕ್ಷಣ ಅದುಮಿಡುತ್ತದೆ, ರಕ್ತನಾಳ ಕುಗ್ಗಿಸಿ ಕೆಂಪು ಇಳಿಸುತ್ತದೆ. ಆದರೆ ಈ ಗುಳ್ಳೆಗಳನ್ನು ಬೆಳೆಸುವುದೂ ಅದೇ. ಬಿಟ್ಟಾಗ ಮುಖ ಭುಗಿಲೆದ್ದದ್ದನ್ನು ನೋಡಿ ‘ಕ್ರೀಮ್ ಬೇಕೇ ಬೇಕು’ ಅಂದುಕೊಂಡಿರಿ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ತಪ್ಪು ನಿಮ್ಮದಲ್ಲ, ಆದರೆ ಅದನ್ನು ಬಿಡಲೇಬೇಕು.

ಬಿಟ್ಟ ಮೊದಲ ಒಂದೆರಡು ವಾರ ಕಷ್ಟ. ಇನ್ನೂ ಕೆಂಪಾಗುತ್ತದೆ, ಉರಿಯುತ್ತದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಜನ ಸೋತು ಮತ್ತೆ ಟ್ಯೂಬ್ ಹಿಡಿಯುವುದು ಆ ದಿನಗಳಲ್ಲೇ. ತಿಂಗಳುಗಟ್ಟಲೆ ಹಚ್ಚಿದವರಿಗೆ ಕೆಲವೊಮ್ಮೆ ಕಡಿಮೆ ಶಕ್ತಿಯ ಸ್ಟೀರಾಯ್ಡ್ ಆದ ಹೈಡ್ರೋಕಾರ್ಟಿಸೋನ್ ಕೊಟ್ಟು ನಿಧಾನವಾಗಿ ಬಿಡಿಸುತ್ತೇವೆ. ಅದನ್ನು ನೀವೇ ಶುರು ಮಾಡಬೇಡಿ.

ಜೊತೆಗೆ ಫೌಂಡೇಶನ್, ದಪ್ಪ ಮಾಯಿಶ್ಚರೈಸರ್, ಸ್ಕ್ರಬ್, ಸೀರಮ್ ಎಲ್ಲಾ ನಿಲ್ಲಿಸಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಿ. ಅಷ್ಟೇ ಸಾಕು. ‘ಏನೂ ಹಚ್ಚಬೇಡಿ’ ಅಂದರೆ ಜನಕ್ಕೆ ಡಾಕ್ಟರ್ ಏನೂ ಕೊಡಲಿಲ್ಲ ಅನ್ನಿಸುತ್ತದೆ, ಆದರೆ ಈ ಕಾಯಿಲೆಗೆ ಅದೇ ಮುಖ್ಯ ಚಿಕಿತ್ಸೆ. ಇಳಿಯದಿದ್ದರೆ ಮೆಟ್ರೊನಿಡಜೋಲ್ ಅಥವಾ ಪಿಮೆಕ್ರೊಲಿಮಸ್ ಹಚ್ಚಲು ಕೊಡುತ್ತೇವೆ. ಜೋರಾಗಿದ್ದರೆ ಕೆಲವು ವಾರ ಡಾಕ್ಸಿಸೈಕ್ಲಿನ್ ಮಾತ್ರೆ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ, ಆಗ ಆ ಮಾತ್ರೆ ಕೊಡುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ನನಗೂ ಇದೇ ಇದೆ, ಆದರೆ ಕ್ರೀಮ್ ಮುಟ್ಟೇ ಇಲ್ಲ. ಆಸ್ತಮಾಗೆ ಇನ್ಹೇಲರ್ ಮಾತ್ರ. ನಿಲ್ಲಿಸಲಾ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಉಸಿರು ಮೊದಲು, ಚರ್ಮ ಆಮೇಲೆ. ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ಇದ್ದರೆ ಅದು ಬಾಯಿ ಸುತ್ತ ಕೂತು ಹೀಗಾಗಬಹುದು. ಬಳಸಿದ ತಕ್ಷಣ ಬಾಯಿ ಮುಕ್ಕಳಿಸಿ, ಸುತ್ತಲಿನ ಚರ್ಮವನ್ನೂ ತೊಳೆಯಿರಿ. ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಹೊಂದುತ್ತಾ ಅಂತ ನಿಮ್ಮ ವೈದ್ಯರನ್ನು ಕೇಳಿ.

ಮೊದಲು ಕೇಳಿದವರು: ಇವತ್ತಿಂದಲೇ ಬಿಡುತ್ತೇನೆ. ಪೂರ್ತಿ ಹೋಗೋಕೆ ಎಷ್ಟು ದಿನ?

ಉತ್ತರ: ವಾರಗಳ ಲೆಕ್ಕ, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ವಾರಕ್ಕೊಂದು ಫೋಟೋ ತೆಗೆಯಿರಿ, ಒಂದೇ ಕಿಟಕಿ ಪಕ್ಕ ನಿಂತು. ದಿನಾ ಕನ್ನಡಿಯಲ್ಲಿ ಕಾಣದ ವ್ಯತ್ಯಾಸ ಅದರಲ್ಲಿ ಕಾಣುತ್ತದೆ. ಮತ್ತೆ ಆ ಟ್ಯೂಬ್ ಕೈಗೆ ಸಿಗುವ ಜಾಗದಲ್ಲಿ ಇಡಬೇಡಿ.