ಕಿಲ್ಲಾರಿ ಭೂಕಂಪದ ನಂತರ ಉಳಿದ ಮಾಳಿಗೆ ಮನೆಗಳನ್ನು ಏನು ಮಾಡಿದರು?

ಪ್ರಶ್ನೆ (ಚಿಂಚೋಳಿ ತಾಲ್ಲೂಕಿನ ಓದುಗ)

2021ರ ಅಕ್ಟೋಬರ್‌ನಲ್ಲಿ ಗಡಿಕೇಶ್ವರದ ಸುತ್ತ ಭೂಮಿ ಮೇಲಿಂದ ಮೇಲೆ ನಡುಗಿದಾಗ ನಾವೂ ಮನೆ ಬಿಟ್ಟು ಬಯಲಲ್ಲಿ ಮಲಗಿದವರೇ. ಆ ಕಂಪನಗಳಲ್ಲಿ ದೊಡ್ಡದರ ತೀವ್ರತೆ 4ರ ಆಸುಪಾಸಿನಲ್ಲಿತ್ತು. ನಮ್ಮ ಮನೆ ಬೀಳಲಿಲ್ಲ, ಗೋಡೆ ಒಂದೆರಡು ಕಡೆ ಬಾಯಿ ಬಿಟ್ಟಿತು. ಅಂದಿನಿಂದ ನನ್ನ ತಾಯಿ ಗಾಳಿಗೆ ಬಾಗಿಲು ಅಲುಗಿದರೂ ಕಿಲ್ಲಾರಿಯ ಹೆಸರೆತ್ತುತ್ತಾರೆ.

ನಮ್ಮದು ಅಜ್ಜ ಕಟ್ಟಿಸಿದ ಮನೆ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಸಾಗವಾನಿ ಕಂಬ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ. ಇದನ್ನು ಕೆಡವಿ ಕಾಂಕ್ರೀಟ್ ಮನೆ ಕಟ್ಟೋಣ ಎಂಬುದು ತಮ್ಮನ ಹಟ. ನನಗೆ ಕೆಡವಲು ಮನಸ್ಸಿಲ್ಲ, ಆದರೆ ತಾಯಿಯನ್ನು ಆ ಮಾಳಿಗೆಯ ಕೆಳಗೆ ಮಲಗಿಸಲು ಧೈರ್ಯವೂ ಇಲ್ಲ. 1993ರ ಕಿಲ್ಲಾರಿ ಭೂಕಂಪದಲ್ಲಿ ಮಹಾರಾಷ್ಟ್ರದ ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಇಂಥವೇ ಮನೆಗಳು ಬಿದ್ದವೆಂದು ಕೇಳಿದ್ದೇನೆ. ಬೀಳದೆ ಉಳಿದವುಗಳನ್ನು ಏನು ಮಾಡಿದರು? ಹೊಸ ಊರುಗಳಿಗೆ ಹೋದವರು ನೆಮ್ಮದಿಯಿಂದಿದ್ದಾರೆಯೇ?

ಉತ್ತರ (ಸೊಲ್ಲಾಪುರದಲ್ಲಿರುವ ಕಟ್ಟಡ ಎಂಜಿನಿಯರ್)

ಮೊದಲು ಆ ಮನೆಗಳು ಏಕೆ ಬಿದ್ದವೆಂಬುದನ್ನು ತಿಳಿಯುವುದು ಒಳ್ಳೆಯದು, ಏಕೆಂದರೆ ಉಪಾಯವೂ ಅದರಲ್ಲೇ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಹಿಂದಿನ ದಿನ ಗಣೇಶ ವಿಸರ್ಜನೆ ಮುಗಿಸಿ ದಣಿದು ಮಲಗಿದ್ದ ಜನರ ಮೇಲೆ ಮನೆಗಳು ಕುಸಿದು, ಸುಮಾರು 10,000 ಮಂದಿ ತೀರಿಕೊಂಡರು. ತೀವ್ರತೆ 6.2. ಅದು ಜಗತ್ತಿನ ಮಹಾ ಭೂಕಂಪಗಳ ಸಾಲಿಗೆ ಸೇರುವ ಅಂಕಿಯಲ್ಲ. ಆದರೆ ಕಂಪನದ ಮೂಲ ನೆಲದಿಂದ ಬಹಳ ಆಳದಲ್ಲಿರಲಿಲ್ಲ, ಅಂದಿನ ನಕ್ಷೆಯಲ್ಲಿ ಆ ಸೀಮೆ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿದ್ದುದರಿಂದ ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ, ಮತ್ತು ಮನೆಗಳು ತಮ್ಮ ಭಾರಕ್ಕೆ ತಾವೇ ಕುಸಿದವು.

ನಿಮ್ಮ ಗೋಡೆ ದಪ್ಪವಾಗಿ ಕಂಡರೂ ನಿಜದಲ್ಲಿ ಅದು ಒಂದು ಗೋಡೆಯಲ್ಲ, ಎರಡು. ಒಳಮೈಗೊಂದು ವರಸೆ, ಹೊರಮೈಗೊಂದು ವರಸೆ, ನಡುವೆ ಚೂರುಗಲ್ಲು ಮತ್ತು ಮಣ್ಣು. ಆ ಮೈಯಿಂದ ಈ ಮೈಗೆ ಹಾಯುವ ಉದ್ದಗಲ್ಲುಗಳಿಲ್ಲದಿದ್ದರೆ ನೆಲ ಅಲುಗಿದೊಡನೆ ಎರಡು ವರಸೆಗಳೂ ಒಂದನ್ನೊಂದು ಬಿಟ್ಟು ಹೊಟ್ಟೆ ಉಬ್ಬಿಸಿ ಕುಸಿಯುತ್ತವೆ. ಮಾಳಿಗೆಯದು ಇನ್ನೊಂದು ಕಥೆ: ಸೋರದಿರಲೆಂದು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುತ್ತೇವೆ, ಹಳೆಯದನ್ನು ಇಳಿಸುವುದಿಲ್ಲ, ಹೀಗೆ ಒಂದು ತಲೆಮಾರಿನಲ್ಲಿ ಅದು ಎರಡು ಅಡಿಯನ್ನೂ ಮುಟ್ಟುತ್ತದೆ. ಕಿಲ್ಲಾರಿಯ ಸುತ್ತ ಎಷ್ಟೋ ಕಡೆ ಕಲ್ಲಿನ ಗೋಡೆ ಪೂರ್ತಿ ಉದುರಿದರೂ ಕಂಬ ಮತ್ತು ತೊಲೆಗಳ ಚೌಕಟ್ಟು ನಿಂತೇ ಇತ್ತು. ಜನರ ಜೀವ ತೆಗೆದದ್ದು ಕಲ್ಲು ಮತ್ತು ಮಣ್ಣು, ಮರವಲ್ಲ.

ಉಳಿದ ಮನೆಗಳನ್ನೆಲ್ಲ ಕೆಡವಲಿಲ್ಲ. ವಿಶ್ವಬ್ಯಾಂಕಿನ ನೆರವಿನೊಂದಿಗೆ ಮಹಾರಾಷ್ಟ್ರ ಸರ್ಕಾರ ಕೈಗೊಂಡ ಮರುವಸತಿಯಲ್ಲಿ ಪೂರ್ತಿ ನಾಶವಾದ 52 ಹಳ್ಳಿಗಳನ್ನು ಬೇರೆಡೆಗೆ ಸಾಗಿಸಿದರೆ, ಕಡಿಮೆ ಹಾನಿಯಾದ ಊರುಗಳಲ್ಲಿ ಲಕ್ಷಕ್ಕೂ ಮೀರಿದ ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಿ ಬಲಪಡಿಸುವ ಕೆಲಸ ನಡೆಯಿತು. ಹಣ ಕಂತುಗಳಲ್ಲಿ ಮನೆಯವರಿಗೇ ಸಂದಾಯವಾಗುತ್ತಿತ್ತು. ಸ್ವಯಂ ಶಿಕ್ಷಣ್ ಪ್ರಯೋಗ್ ಎಂಬ ಸಂಸ್ಥೆಯ ಮೂಲಕ ಹಳ್ಳಿಯ ಹೆಣ್ಣುಮಕ್ಕಳೇ ‘ಸಂವಾದ ಸಹಾಯಕ’ರಾಗಿ ಮನೆಯವರಿಗೂ ಎಂಜಿನಿಯರಿಗೂ ನಡುವೆ ನಿಂತು ಕೆಲಸ ಮಾಡಿಸಿದರು. ನನ್ನ ಮಟ್ಟಿಗೆ ಇಡೀ ಮರುವಸತಿಯಲ್ಲಿ ಹೆಚ್ಚು ಹೊಗಳಬೇಕಾದ ಭಾಗ ಇದೇ, ಆದರೆ ಪತ್ರಿಕೆಗಳಲ್ಲಿ ಹೊಸ ಊರುಗಳ ಚಿತ್ರಗಳೇ ಹೆಚ್ಚು ಬಂದವು.

ಉತ್ತರ (ಉಮರ್ಗಾ ತಾಲ್ಲೂಕಿನ ಗೃಹಿಣಿ, ತವರು ಆಳಂದ)

ಹೊಸ ಊರಿನ ಬಗ್ಗೆ ಕೇಳಿದ್ದೀರಿ, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಗಂಡನ ಮನೆಯವರು ಸ್ಥಳಾಂತರಗೊಂಡವರು. ಸತ್ತವರ ಮೇಲೆಯೇ ಮತ್ತೆ ಮನೆ ಕಟ್ಟಲು ಆಗ ಯಾರಿಗೂ ಮನಸ್ಸಿರಲಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದರು. ಆದ್ದರಿಂದ ಊರು ಬಿಟ್ಟದ್ದನ್ನು ಒತ್ತಾಯ ಎಂದು ನಾನು ಕರೆಯಲಾರೆ. ಆದರೆ ಹಿಡುವಳಿ ನೋಡಿ 250, 400, 750 ಚದರಡಿ ಎಂದು ಮನೆ ಹಂಚಿದಾಗ, ದನ ಎಲ್ಲಿ ಕಟ್ಟಬೇಕು, ಕಾಳು ಎಲ್ಲಿ ಇಡಬೇಕು, ಹೆಣ್ಣುಮಕ್ಕಳು ಮಧ್ಯಾಹ್ನ ಎಲ್ಲಿ ಕೂತು ಮಾತಾಡಬೇಕು ಎಂದು ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಹಳೆಯ ಊರಿನಲ್ಲಿ ಕಟ್ಟೆಯ ಮೇಲೆ ನಿಂತು ಕೂಗಿದರೆ ನಾಲ್ಕು ಮನೆ ಓಗೊಡುತ್ತಿದ್ದವು. ಇಲ್ಲಿ ಪಟ್ಟಣದ ಬಡಾವಣೆಯಂತೆ ಅಗಲವಾದ ನೇರ ರಸ್ತೆ, ದೂರ ದೂರ ಮನೆ. ನಡು ಮಧ್ಯಾಹ್ನ ದಾಟುವಾಗ ನೆರಳೇ ಇಲ್ಲ. ಹತ್ತಾರು ವರ್ಷಗಳಲ್ಲಿ ಜನ ತಗಡಿನ ಚಪ್ಪರ ಎಳೆದು, ಗಿಡ ನೆಟ್ಟು ಅದನ್ನು ತಮ್ಮ ಊರು ಮಾಡಿಕೊಂಡರು.

ನಿಮ್ಮ ತಾಯಿಯ ಭಯವನ್ನು ಹಗುರವಾಗಿ ಕಾಣಬೇಡಿ. ನಮ್ಮ ಅತ್ತೆ ಕೊನೆಯವರೆಗೂ ಕಲ್ಲಿನ ಗೋಡೆಗೆ ಬೆನ್ನು ಕೊಟ್ಟು ಕೂರಲಿಲ್ಲ.

ಮರುಪ್ರಶ್ನೆ (ಚಿಂಚೋಳಿ ತಾಲ್ಲೂಕಿನ ಓದುಗ)

ಇಬ್ಬರಿಗೂ ಕೃತಜ್ಞತೆಗಳು. ಮನೆ ಉಳಿಸಿಕೊಳ್ಳುವುದಾದರೆ ಎಲ್ಲಿಂದ ಆರಂಭಿಸಬೇಕು? ಒಂದೇ ಸಲ ಎಲ್ಲವನ್ನೂ ಮಾಡಿಸುವ ಶಕ್ತಿ ನಮಗಿಲ್ಲ.

ಉತ್ತರ (ಸೊಲ್ಲಾಪುರದ ಎಂಜಿನಿಯರ್)

ಮೇಲಿನಿಂದ ಆರಂಭಿಸಿ. ಈ ಬೇಸಿಗೆಯಲ್ಲಿ ಮಾಳಿಗೆಯ ಮಣ್ಣನ್ನು ಒಂದು ಗೇಣಿನಷ್ಟು ಮಾತ್ರ ಉಳಿಸಿ, ಮಿಕ್ಕಿದ್ದನ್ನು ಇಳಿಸಿಬಿಡಿ. ಸೋರದಂತೆ ಮಣ್ಣಿನ ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಇದಕ್ಕೆ ಕೂಲಿ ಬಿಟ್ಟರೆ ದೊಡ್ಡ ಖರ್ಚಿಲ್ಲ, ಆದರೆ ತಲೆಯ ಮೇಲಿನ ಟನ್ನುಗಟ್ಟಲೆ ಭಾರ ಹೋಗುತ್ತದೆ. ಮರುವರ್ಷ ಕಂಬ ಮತ್ತು ತೊಲೆ ಕೂಡುವ ಮೂಲೆಗಳಿಗೆ ಓರೆಯಾಗಿ ಮರದ ಅಥವಾ ಉಕ್ಕಿನ ಆಸರೆ ಕೊಡಿಸಿ. ಅನಂತರ ಗೋಡೆಯಲ್ಲಿ ಸುಮಾರು ಒಂದು ಮೀಟರಿಗೊಂದರಂತೆ ಆರಪಾರ ರಂಧ್ರ ಮಾಡಿಸಿ, ಎರಡೂ ತುದಿ ಬಾಗಿಸಿದ ಸರಳು ಇಟ್ಟು ಕಾಂಕ್ರೀಟ್ ತುಂಬಿಸಿ. ಎರಡು ವರಸೆಗಳು ಒಂದಾಗುವುದು ಆಗಲೇ. ಬಾಗಿಲಿನ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತ ತಂತಿ ಜಾಲರಿ ಬಡಿದು ಸಿಮೆಂಟ್ ಗಾರೆಯ ಪಟ್ಟಿ ಕಟ್ಟಿಸುವುದು ಕೊನೆಯ ಹಂತ.

ಒಂದು ಎಚ್ಚರಿಕೆ: ಗೋಡೆ ಈಗಾಗಲೇ ಹೊಟ್ಟೆ ಉಬ್ಬಿದ್ದರೆ ರಂಧ್ರ ಕೊರೆಯಬಾರದು, ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಬಾಯಿ ಬಿಟ್ಟಿದೆ ಎಂದಿರಲ್ಲ, ಆ ಜಾಗದ ಒಳಗಿನ ಮತ್ತು ಹೊರಗಿನ ಚಿತ್ರಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ತಾಯಿಯ ಹಾಸಿಗೆಯನ್ನು ಆ ಗೋಡೆಯಿಂದ ದೂರ, ಪಡಸಾಲೆಯ ಕಂಬಗಳ ನಡುವೆ ಹಾಕಿಸಿ.