ಗುಪ್ತಾಂಗದ ಮೇಲೆ ನೋವಿಲ್ಲದ ಗುಳ್ಳೆಗಳು: ಏನಿರಬಹುದು, ಕಡಿಮೆ ಖರ್ಚಲ್ಲಿ ಎಲ್ಲಿ ತೋರಿಸೋದು?

ಹರಿಹರದವ

ವಯಸ್ಸು 27. ಶಿಶ್ನದ ಬುಡದಲ್ಲೂ ಅದರ ಮೇಲಿನ ಕೂದಲಿರುವ ಜಾಗದಲ್ಲೂ ಏಳು ಗುಳ್ಳೆಗಳಿವೆ. ಹೆಚ್ಚಿನವು ಸಾಸಿವೆ ಕಾಳಿನಷ್ಟು, ಎರಡು ಮಾತ್ರ ಜೋಳದ ಕಾಳಿಗೆ ಹತ್ತಿರ. ಚರ್ಮದ್ದೇ ಬಣ್ಣ, ಮೇಲೆ ಹೊಳಪು. ನೋವು, ಕೀವು, ತುರಿಕೆ ಯಾವುದೂ ಇಲ್ಲ. ಎರಡು ತಿಂಗಳ ಹಿಂದೆ ಎರಡೇ ಇದ್ದವು. ಆ ಜಾಗವನ್ನು ರೇಜರ್‌ನಲ್ಲಿ ಬೋಳಿಸುವ ರೂಢಿ. ಮೆಡಿಕಲ್ ಶಾಪ್‌ನವರು ಕೊಟ್ಟ ಮುಲಾಮು ಹತ್ತು ದಿನ ಹಚ್ಚಿದರೂ ಕಡಿಮೆಯಾಗಿಲ್ಲ. ಇದು ಲೈಂಗಿಕ ರೋಗವೇ? ಖಾಸಗಿ ಡಾಕ್ಟರಿಗೆ ಕೊಡುವಷ್ಟು ದುಡ್ಡು ಸದ್ಯಕ್ಕಿಲ್ಲ. ಎಲ್ಲಿ ತೋರಿಸಬಹುದು?

ಚರ್ಮದ ಒಪಿಡಿ

ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ದೊಡ್ಡ ಗುಳ್ಳೆಯ ನೆತ್ತಿ ನೋಡಿ. ನಟ್ಟನಡುವೆ ಸೂಜಿಮೊನೆ ಒತ್ತಿದಂಥ ಸಣ್ಣ ಕುಳಿ ಕಂಡರೆ ಅದು ಮೊಲಸ್ಕಮ್ ಕಂಟೇಜಿಯೋಸಮ್ ಇರುವ ಸಂಭವ ಹೆಚ್ಚು. ಪಾಕ್ಸ್ ಗುಂಪಿನ ವೈರಸ್‌ನಿಂದ ಬರುವಂಥದ್ದು. ಒಳಗೆ ಗಟ್ಟಿ ಮೊಸರಿನಂಥ ಬಿಳಿ ತಿರುಳಿರುತ್ತದೆ, ವೈರಸ್ ತುಂಬಿರುವುದು ಅದರಲ್ಲೇ. ರೇಜರ್ ಒಂದು ಗುಳ್ಳೆಯ ತಲೆ ಕೊಯ್ದರೆ ಆ ತಿರುಳು ಬ್ಲೇಡಿಗೆ ಅಂಟಿ ಪಕ್ಕದ ಗೀರುಗಳಿಗೆ ಸೇರಿಕೊಳ್ಳುತ್ತದೆ. ಎರಡು ಏಳಾಗಿದ್ದು ಹೀಗೇ ಇರಬೇಕು. ಮೊದಲು ಬೋಳಿಸುವುದನ್ನು ನಿಲ್ಲಿಸಿ, ಉಗುರಿನಿಂದ ಹಿಸುಕಬೇಡಿ, ಟವೆಲ್ ಬೇರೆ ಇಟ್ಟುಕೊಳ್ಳಿ. ದೊಡ್ಡವರಿಗೆ ಆ ಜಾಗದಲ್ಲಿ ಇದು ಸಾಮಾನ್ಯವಾಗಿ ಸಂಭೋಗದಲ್ಲಿ ಚರ್ಮಕ್ಕೆ ಚರ್ಮ ತಾಗಿ ಬರುತ್ತದೆ. ಕಾಂಡೋಮ್ ಮುಚ್ಚದ ಜಾಗದಿಂದಲೂ ಹರಡುತ್ತದೆ.

ಎಲ್ಲ ಗುಳ್ಳೆಯೂ ರೋಗವಲ್ಲ. ಶಿಶ್ನದ ತಲೆಯ ಅಂಚಿಗೆ ಒಂದೇ ಅಳತೆಯ ಮಣಿ ಪೋಣಿಸಿದ ಹಾಗೆ ಸಾಲಾಗಿದ್ದರೆ, ಅದು ಸಹಜ ರಚನೆ. ಚರ್ಮ ಎಳೆದಾಗ ಎದ್ದು ಕಾಣುವ ತಿಳಿ ಹಳದಿ ಚುಕ್ಕಿಗಳು ಎಣ್ಣೆಗ್ರಂಥಿಗಳು, ಫೋರ್ಡೈಸ್ ಚುಕ್ಕಿ ಅಂತಾರೆ. ಇವೆರಡಕ್ಕೂ ಔಷಧಿ ಬೇಡ. ಹೂಕೋಸಿನ ಹಾಗೆ ಒರಟಾಗಿ ಬೆಳೆದರೆ ನರಹುಲಿ, ಎಚ್‌ಪಿವಿ ಎಂಬ ವೈರಸ್‌ನ 6 ಮತ್ತು 11ನೇ ಬಗೆಗಳ ಕೆಲಸ. ಗುಂಪಾಗಿ ನೀರುಗುಳ್ಳೆ ಎದ್ದು ಉರಿಯುತ್ತಿದ್ದರೆ ಹರ್ಪಿಸ್. ಬುಡ ಗಟ್ಟಿಯಾದ, ನೋವಿಲ್ಲದ ಒಂದೇ ಹುಣ್ಣು ಸಿಫಿಲಿಸ್ ಇರಬಹುದು. ಅದು ತಾನಾಗಿಯೇ ಮಾಯುತ್ತದೆ, ಜನ ಮೋಸ ಹೋಗುವುದೇ ಅಲ್ಲಿ. ಹುಣ್ಣು ಮಾಯ್ದರೂ ರೋಗ ಒಳಗೇ ಉಳಿದಿರುತ್ತದೆ.

ಇನ್ನು ಆ ಮುಲಾಮು. ಟ್ಯೂಬಿನ ಮೇಲೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತ ಇದೆಯಾ ನೋಡಿ. ಇದ್ದರೆ ಇವತ್ತೇ ಬಿಡಿ. ಅದು ಸ್ಟೀರಾಯ್ಡ್, ಆ ಜಾಗದ ರೋಗನಿರೋಧಕ ಶಕ್ತಿ ಕುಗ್ಗಿಸುವುದರಿಂದ ವೈರಸ್‌ಗೆ ಹಾಸಿಗೆ ಹಾಸಿಕೊಟ್ಟಂತೆ. ತೊಡೆಸಂದಿನ ತೆಳು ಚರ್ಮದಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಬರೆ ಎಳೆದಂಥ ಗೆರೆಗಳು ಬಿದ್ದು ಶಾಶ್ವತವಾಗಿ ಉಳಿಯುತ್ತವೆ. ಹುಳುಕಡ್ಡಿ ಇದ್ದರಂತೂ ಅದರ ರೂಪವೇ ಬದಲಾಗಿ ಡಾಕ್ಟರಿಗೂ ಗುರುತು ಸಿಗದ ಹಾಗಾಗುತ್ತದೆ. ನಮ್ಮಲ್ಲಿ ಗುಳ್ಳೆಗಿಂತ ಹೆಚ್ಚು ಹಾನಿ ಮಾಡುತ್ತಿರುವುದು ಸ್ಟೀರಾಯ್ಡ್ ಬೆರೆಸಿದ ಈ ಮಿಶ್ರ ಮುಲಾಮುಗಳೇ.

ಮೊಲಸ್ಕಮ್ ಸುಮ್ಮನೆ ಬಿಟ್ಟರೂ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಸಾಮಾನ್ಯವಾಗಿ ಹೋಗುತ್ತದೆ. ಏಳೇ ಇದ್ದರೆ ಮರಗಟ್ಟಿಸುವ ಕ್ರೀಮ್ ಹಚ್ಚಿ, ಒಂದೊಂದರ ತಿರುಳನ್ನೂ ಸೂಜಿಯಿಂದ ತೆಗೆಯಬಹುದು. ಒಪಿಡಿಯಲ್ಲೇ ಮುಗಿಯುವ ಕೆಲಸ. ಮುಖಕ್ಕೂ ಬಂದಿದ್ದರೆ ಅಥವಾ ಹತ್ತಾರು ಗುಳ್ಳೆಗಳಿದ್ದರೆ ಎಚ್‌ಐವಿ ಪರೀಕ್ಷೆ ಮಾಡಿಸಲೇಬೇಕು.

ಆಪ್ತಸಮಾಲೋಚಕಿ

ಹರಿಹರದಿಂದ ದಾವಣಗೆರೆಗೆ ಬಸ್ಸಲ್ಲಿ ಹೆಚ್ಚು ದೂರವಿಲ್ಲ, ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಚೀಟಿ ಕೌಂಟರಿನಲ್ಲಿ "ಚರ್ಮದ ವಿಭಾಗ" ಅಂದರೆ ಸಾಕು, ಗುಳ್ಳೆ ಎಲ್ಲಿದೆ ಅಂತ ಸಾಲಿನಲ್ಲಿ ನಿಂತು ಹೇಳಬೇಕಿಲ್ಲ. ಚೀಟಿಗೆ ಹತ್ತಿಪ್ಪತ್ತು ರೂಪಾಯಿ ಇಟ್ಟುಕೊಳ್ಳಿ. ಜಿಲ್ಲಾ ಆಸ್ಪತ್ರೆ ಮತ್ತು ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನ್ಯಾಕೋದ (ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ) "ಸುರಕ್ಷಾ ಕ್ಲಿನಿಕ್" ಇರುತ್ತದೆ. ಲೈಂಗಿಕ ಸೋಂಕಿನ ತಪಾಸಣೆ, ಬಣ್ಣದ ಪೊಟ್ಟಣಗಳಲ್ಲಿ ಬರುವ ಔಷಧಿ ಎಲ್ಲ ಉಚಿತ. ಹರ್ಪಿಸ್‌ದು ಕೆಂಪು ಪೊಟ್ಟಣ: ಅಸೈಕ್ಲೊವಿರ್ 400 ಮಿ.ಗ್ರಾಂ., ದಿನಕ್ಕೆ ಮೂರು, ಏಳು ದಿನ. ಊರಿನವರೇ ಸಿಗುತ್ತಾರೆಂಬ ಅಳುಕಿದ್ದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಅಥವಾ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೂ ಹೋಗಬಹುದು. ಯಾವ ಜಿಲ್ಲೆಯವರು ಅಂತ ನೋಡಿ ವಾಪಸ್ ಕಳಿಸುವುದಿಲ್ಲ.

ಎಚ್‌ಐವಿ ಮತ್ತು ಸಿಫಿಲಿಸ್ ರಕ್ತಪರೀಕ್ಷೆ ಐಸಿಟಿಸಿಯಲ್ಲಿ (ಸರ್ಕಾರಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ; ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳು ಮಾತ್ರ ಇದಕ್ಕೆ ಹೊರತು. ದಿನಾಂಕದ ಲೆಕ್ಕದಲ್ಲಿ ತುಂಬ ಜನ ತಪ್ಪುತ್ತಾರೆ. ಸಂಪರ್ಕವಾಗಿ ಹತ್ತೇ ದಿನಕ್ಕೆ ಪರೀಕ್ಷಿಸಿ "ಏನಿಲ್ಲ" ಎಂದು ಬಂದರೆ ಅದನ್ನು ನಂಬಿ ಕೂರಬೇಡಿ, ಮೂರು ತಿಂಗಳು ತುಂಬಿದಾಗ ಮತ್ತೊಮ್ಮೆ ಮಾಡಿಸಿ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ 1097ಕ್ಕೆ ಕರೆ ಮಾಡಿ, ಉಚಿತ. ಬಸ್‌ಸ್ಟ್ಯಾಂಡ್ ಗೋಡೆಯ "ಗುಪ್ತರೋಗ ತಜ್ಞ"ರ ಲಾಡ್ಜಿನ ಮೆಟ್ಟಿಲು ಮಾತ್ರ ಹತ್ತಬೇಡಿ.

ಹೆಸರು ಬೇಡ

ಹೆಂಗಸರಿಗೂ ಇದೇ ಗುರುತುಗಳಾ? ಯೋನಿಯ ಒಳತುಟಿಯ ಮೇಲೆ ಎರಡೂ ಕಡೆ ಮೃದುವಾದ, ಗುಲಾಬಿ ಬಣ್ಣದ ಸಣ್ಣ ಸಣ್ಣ ಮೊನೆಗಳಿದ್ದರೆ ನರಹುಲಿಯೇ? ಲೇಡಿ ಡಾಕ್ಟರ್ ಸಿಗ್ತಾರಾ?

ಚರ್ಮದ ಒಪಿಡಿ

ಎರಡೂ ಕಡೆ ಒಂದೇ ರೀತಿ ಇದ್ದು, ಪ್ರತಿ ಮೊನೆಗೂ ಅದರದ್ದೇ ಬುಡವಿದ್ದರೆ ಬಹುಪಾಲು ಸಹಜ ರಚನೆ. ನರಹುಲಿಯಲ್ಲಿ ಒಂದೇ ಬುಡದಿಂದ ಹಲವು ತುದಿಗಳು ಒಡೆಯುತ್ತವೆ, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ. ಈ ಸಹಜ ಮೊನೆಗಳನ್ನೇ ನರಹುಲಿ ಎಂದು ಸುಟ್ಟ ಉದಾಹರಣೆಗಳೂ ಇರುವುದರಿಂದ, ಸುಡಿಸುವ ಮುಂಚೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಅಗಲವಾಗಿ, ಚಪ್ಪಟೆಯಾಗಿ, ಒದ್ದೆಯಾಗಿದ್ದರೆ ಅದು ಸಿಫಿಲಿಸ್‌ನ ಎರಡನೇ ಹಂತವೂ ಇರಬಹುದು. ಹಾಗಾಗಿ ಯಾವ ನರಹುಲಿಗೂ ಕೈ ಹಾಕುವ ಮುಂಚೆ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬ ಸಿಫಿಲಿಸ್ ರಕ್ತಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ, ನರಹುಲಿಯ ಔಷಧಿ ಪೊಡೊಫಿಲಿನ್ ಹಚ್ಚುವಂತಿಲ್ಲ. ಟ್ರೈಕ್ಲೋರೋಅಸಿಟಿಕ್ ಆಮ್ಲ ಅಥವಾ ಕ್ರಯೋ (ಅತಿ ತಂಪಿನಿಂದ ಹೆಪ್ಪುಗಟ್ಟಿಸುವುದು) ಆಗುತ್ತದೆ. ಲೇಡಿ ಡಾಕ್ಟರ್ ಬೇಕೆಂದರೆ ಸ್ತ್ರೀರೋಗ ವಿಭಾಗದ ಚೀಟಿ ಮಾಡಿಸಿ.

ಔಷಧಿ ಅಂಗಡಿ

ತುರಿಕೆ ಇರುವವರಿಗೆ ಒಂದು ಮಾತು. ವೃಷಣದ ಚೀಲದ ಮೇಲೆ ಗಟ್ಟಿ ಕೆಂಪು ಗಂಟು, ರಾತ್ರಿ ನಿದ್ದೆಗೆಡಿಸುವ ತುರಿಕೆ, ಬೆರಳ ಸಂದಿಯಲ್ಲೂ ಹಾಗೇ, ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಅದು ಬಹುಪಾಲು ಕಜ್ಜಿ. ಡಾಕ್ಟರ್ ಬರೆದುಕೊಡುವ ಪರ್ಮೆಥ್ರಿನ್ 5% ಕ್ರೀಮ್ ಜನೌಷಧಿ ಅಂಗಡಿಯಲ್ಲಿ ಕೇಳಿ ನೋಡಿ, ಅಗ್ಗ. ಒಬ್ಬ ದೊಡ್ಡವರಿಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕು. ತುರಿಸುವ ಕಡೆ ಮಾತ್ರ ಸವರಿದರೆ ಹೋಗುವುದಿಲ್ಲ, ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಕೆಳಗೂ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯಿರಿ. ವಾರ ಬಿಟ್ಟು ಮತ್ತೊಮ್ಮೆ. ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ತೊಳೆಯಿರಿ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತದೆ, ಆ ಗಂಟುಗಳು ಇಳಿಯಲು ತಿಂಗಳುಗಳೇ ಹಿಡಿಯಬಹುದು. ಔಷಧಿ ಹಿಡಿಯಲಿಲ್ಲ ಅಂದುಕೊಂಡು ದಿನಾ ಹಚ್ಚಬೇಡಿ, ಚರ್ಮ ಒಣಗಿ ತುರಿಕೆ ಇನ್ನೂ ಹೆಚ್ಚಾಗುತ್ತದೆ.