ನಾಲೆ ಕೊನೆಯ ಊರು ಬರವನ್ನು ಹೇಗೆ ತಾಳಿಕೊಳ್ಳುತ್ತದೆ? ಪಿಎಚ್‌ಡಿಗೆ ಏನು ಅಳೆಯಲಿ?

ಮಳವಳ್ಳಿ ಕಡೆಯವಳು:
ಮೈಸೂರಿನಲ್ಲಿ ಭೂಗೋಳ ಎಂಎ ಮುಗಿಸಿದ್ದೇನೆ. ಹವಾಮಾನ ಬದಲಾವಣೆಯನ್ನು ನಮ್ಮಂಥ ಊರುಗಳು ಹೇಗೆ ತಾಳಿಕೊಳ್ಳುತ್ತವೆ ಅನ್ನೋದರ ಮೇಲೆ ಸಂಶೋಧನೆ ಮಾಡುವ ಆಸೆ. ನಮ್ಮದು ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ ನಮ್ಮ ಗದ್ದೆಗೆ ನೀರು ಬಂದರೆ ಬಂತು. ಅಪ್ಪ ಕೇಳುತ್ತಾರೆ, "ಮಳೆ ಲೆಕ್ಕಕ್ಕೆ ಇಲಾಖೆ ಇದೆಯಲ್ಲ, ನೀನೇನು ಅಳೀತೀಯ?" ನಿಜಕ್ಕೂ ಏನು ಅಳೆಯಬೇಕು?

ನಕ್ಷೆಪ್ರಿಯ:
ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ್ದು ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಹಿತಿ ಇದೆ. ಉಪಗ್ರಹ ಚಿತ್ರ ಸೇರಿಸಿದರೆ ಅರ್ಧ ಕೆಲಸ ಮುಗಿಯಿತು.

ಊರೂರು ಸುತ್ತುವವ:
ಅದು ಬೇಕು, ಆದರೆ ಅರ್ಧ ಕೆಲಸವೇನೂ ಅಲ್ಲ. ನಾನು ಮಂಡ್ಯ ಜಿಲ್ಲೆಯಲ್ಲಿ ಇದೇ ಸಂಶೋಧನೆ ಮಾಡುವವನು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ವರದಿಗಳು ಕೂಡ ಅಪಾಯವನ್ನು ಬರೀ ಮಳೆ ಬಿಸಿಲಿನಿಂದ ಅಳೆಯುವುದಿಲ್ಲ. ಅದರ ದಾರಿಯಲ್ಲಿ ಯಾರಿದ್ದಾರೆ, ಪೆಟ್ಟು ತಡೆಯೋಕೆ ಅವರ ಹತ್ತಿರ ಏನಿದೆ, ಇವೂ ಸೇರುತ್ತವೆ.

2023ನ್ನೇ ತಗೊಳ್ಳಿ. ಮುಂಗಾರು ಕೈಕೊಟ್ಟಿತು, ಬಹುತೇಕ ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. 2024ರ ಜುಲೈಯಲ್ಲಿ ಕೆಆರ್‌ಎಸ್ ತುಂಬಿತು. ಅಣೆಕಟ್ಟೆ ಲೆಕ್ಕದಲ್ಲಿ ಎಲ್ಲ ಸರಿಹೋಯಿತು. ಆದರೆ ಕರೆಯುವ ಹಸು ಮಾರಿದ ಮನೆಗೆ ನಾಲೆಯಲ್ಲಿ ಹಸು ಹರಿದು ಬರುತ್ತದಾ? ಅಣೆಕಟ್ಟೆ ಚೇತರಿಸಿಕೊಂಡ ಮೇಲೆ ಮನೆ ಚೇತರಿಸಿಕೊಳ್ಳಲು ಎಷ್ಟು ಕಾಲ ಬೇಕು, ಅದನ್ನು ಅಳೆಯಿರಿ.

ಯಾರು ತಾಳಿಕೊಂಡದ್ದಕ್ಕೆ ಯಾರು ಬೆಲೆ ತೆತ್ತರು ಅನ್ನೋದನ್ನೂ ನೋಡಿ. ಒಬ್ಬ ಆಳವಾಗಿ ಬೋರ್ ಕೊರೆಸಿ ಕಬ್ಬು ಉಳಿಸಿಕೊಳ್ಳುತ್ತಾನೆ, ಪಕ್ಕದವನ ಬೋರ್ ಬತ್ತುತ್ತದೆ. ಸಮೀಕ್ಷೆಯಲ್ಲಿ ಮೊದಲನೆಯವನು ಮಾದರಿ ರೈತ! ನನಗಂತೂ ಸಿಟ್ಟೇ ಬರುತ್ತದೆ. ರಾಗಿಗೆ ಬದಲಾಯಿಸಿ ಅನ್ನೋದೂ ಸುಲಭವಲ್ಲ. ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ, ನೆಲದಲ್ಲಿದೆ, ಅದರ ಮೇಲೆ ಸಾಲ ಇದೆ.

ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಸಂಬಳ ಎಷ್ಟೋ ಮನೆಗಳ ಗದ್ದೆ ಉಳಿಸಿದೆ. ಅವರ ಹೆಸರು ಪಹಣಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಹಣಿ ಹಿಡಿದು ಮನೆ ಆರಿಸಿದರೆ ಗಂಡಸರನ್ನೇ ಮಾತಾಡಿಸಿ ವಾಪಸ್ ಬರುತ್ತೀರಿ.

ನಾಲೆ ತಲೆಭಾಗದ ಊರು, ಕೊನೆ ಭಾಗದ ಊರು, ನಾಗಮಂಗಲ ಕಡೆಯ ಮಳೆ ನಂಬಿದ ಊರು. ಇಷ್ಟು ಸಾಕು. ಜಾಸ್ತಿ ಊರು ಹಿಡಿದರೆ ಸುಮ್ನೆ ಕೋಷ್ಟಕ ತುಂಬಿಸುತ್ತಾ ಕೂರುತ್ತೀರಿ.

ಮಳವಳ್ಳಿ ಕಡೆಯವಳು:
ಥ್ಯಾಂಕ್ಸ್ ಸರ್. ಸಾಲದ ವಿಷಯ ಜನ ಬಾಯಿಬಿಡುತ್ತಾರಾ? ನಮ್ಮೂರಲ್ಲೇ ನನಗೆ ಹೇಳುವುದಿಲ್ಲ.

ಊರೂರು ಸುತ್ತುವವ:
ನಿಮ್ಮೂರಲ್ಲಂತೂ ಹೇಳುವುದಿಲ್ಲ, ಅಲ್ಲಿ ನೀವು ಇಂಥವರ ಮಗಳು ಅಲ್ವಾ! ಬೇರೆ ಊರಲ್ಲೂ ಸಾಲದಿಂದ ಶುರು ಮಾಡಬೇಡಿ. ಸಾಲಮನ್ನಾ ಲೆಕ್ಕಕ್ಕೆ ಬಂದವರು ಅಂದುಕೊಳ್ಳುತ್ತಾರೆ. ಆ ವರ್ಷ ಮೊದಲು ಏನು ಮಾರಿದಿರಿ, ಕೊನೆಗೆ ಏನು ಮಾರಿದಿರಿ ಅಂತ ಕೇಳಿ. ಒಡವೆ ಅಡ ಇಟ್ಟ ಮಾತು ತಾನಾಗೇ ಬರುತ್ತದೆ. ಬೆಳಗ್ಗೆ ಹಾಲಿನ ಡೇರಿ ಹತ್ತಿರ ಹೋಗಿ. ಕಬ್ಬು ಕಡಿಯುವ ಕಾಲದಲ್ಲಿ ಮನೆಯಲ್ಲಿ ಯಾರೂ ಸಿಗುವುದಿಲ್ಲ.